ಅಜ್ಜಿಯ ತೂಗುಮಣೆಯ ಆವರ್ತಕಾಲ

ಶೇಂಗಾ ಎಣ್ಣೆ ಕುಡಿದ ಕಬ್ಬಿಣದ ಸರಪಳಿಗೆ ಒಂದು ವಾಸನೆ ಇದೆ. ಅದು ಬರೀ ಕಬ್ಬಿಣದ್ದಲ್ಲ, ಬರೀ ಎಣ್ಣೆಯದೂ ಅಲ್ಲ. ಎರಡೂ ಬಹಳ ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿದ ಮೇಲೆ ಹುಟ್ಟುವ ಮೂರನೆಯ ವಾಸನೆ. ಹೋದ ತಿಂಗಳು ಹಗರಿಬೊಮ್ಮನಹಳ್ಳಿಯ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಒಬ್ಬರು ಬಂದು, ಹೊಸ ಮನೆಗೆ ತೂಗುಮಣೆ ಹಾಕಿಸುತ್ತಿದ್ದೇವೆ, ನಾಲ್ಕು ಸರಪಳಿ ಬೇಕು ಎಂದರು. ಮಾದರಿಗೆಂದು ಹಳೆಯ ಸರಪಳಿಯ ತುಂಡೊಂದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. "ಇಂಥಾದ್ದ ಬೇಕ್ರಿ ಅಕ್ಕಾರ" ಎಂದು ಬಿಚ್ಚಿ ಮುಂದಿಟ್ಟರು. ಕೈಗೆ ತೆಗೆದುಕೊಂಡವಳು ಅಳತೆ ನೋಡುವುದನ್ನು ಬಿಟ್ಟು ಮೂಗಿಗೆ ಹಿಡಿದುಬಿಟ್ಟೆ. ಒಳಗೆ ಮೊಳೆ ತೂಗುತ್ತಿದ್ದ ನನ್ನ ಗಂಡ, "ಏನದು, ಹಡಗಲಿ ಮಲ್ಲಿಗಿ ಮಾಲೀನೇನು?" ಎಂದ. "ನಿಮಗೇನು ಗೊತ್ತಾಕ್ಕತಿ? ಸುಮ್ಮನ ಅಳತಿ ತಗೊಳ್ರಿ" ಎಂದು ರೇಗಿದೆ. ನನಗೆ ಅಳು ಬರುವ ಹೊತ್ತಿಗೆ ಮೊದಲು ಸಿಟ್ಟು ಬರುತ್ತದೆ. ಅವನಿಗೆ ಅದು ಗೊತ್ತಿದೆ, ಹಾಗಾಗಿ ಮತ್ತೆ ಮೊಳೆ ತೂಗತೊಡಗಿದ. ಆ ವಾಸನೆ ಸಂಜೆಯವರೆಗೂ ಕೈಯಲ್ಲಿತ್ತು.

ಕೊಟ್ಟೂರಿನಲ್ಲಿ ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಸಾಲು ಇದೆ. ಆ ಕಡೆ ಹೋದಾಗಲೆಲ್ಲ ನಾನು ಎದುರು ಬದಿಯಲ್ಲಿ ನಡೆಯುತ್ತೇನೆ. ನಿಮಗೂ ಅಂಥದೊಂದು ಬೀದಿ ಇರಬಹುದು. ಇದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ. ತೊಂಬತ್ತರ ದಶಕದಲ್ಲಿ ಅಲ್ಲಿ ಶೇಂಗಾ ವ್ಯಾಪಾರದ ಮನೆ ಇತ್ತು. ಮುಂದೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ, ಪಡಸಾಲೆಯ ಒಂದು ಗೋಡೆಗುಂಟ ಚೀಲಗಳು, ಇನ್ನೊಂದು ಗೋಡೆಯ ಗೂಡಿನಲ್ಲಿ ವಿಭೂತಿ ಗಟ್ಟಿ, ನಡುವೆ ತೂಗುಮಣೆ. ಬೇವಿನ ತೊಲೆಗಳಿಗೆ ನಾಲ್ಕು ಕೊಂಡಿ, ಕೊಂಡಿಗಳಿಂದ ನಾಲ್ಕು ಸರಪಳಿ, ಸರಪಳಿಗಳ ಕೆಳಗೆ ಇಬ್ಬರು ಮಲಗಬಹುದಾದಷ್ಟು ಅಗಲದ ತೇಗದ ಹಲಗೆ. ಪ್ರತಿ ಸೋಮವಾರ ಪೂಜೆ ಮುಗಿಸಿ ಅಜ್ಜಿ ಹತ್ತಿ ಬಟ್ಟೆಯನ್ನು ಶೇಂಗಾ ಎಣ್ಣೆಯಲ್ಲಿ ಅದ್ದಿ ಸರಪಳಿಗಳನ್ನು ಮೇಲಿನಿಂದ ಕೆಳಗೆ ತಾನೇ ಒರೆಸುತ್ತಿದ್ದಳು. ಅಮ್ಮನಿಗೂ ಆ ಕೆಲಸ ಕೊಡುತ್ತಿರಲಿಲ್ಲ. ಮನೆಗೆ ಬಂದವರು ಸರಪಳಿ ಹಿಡಿದು ಕೂತರೆ ಅಂಗೈಗೆ ಎಣ್ಣೆ ಹತ್ತುತ್ತಿತ್ತು, ಅವರು ಅದನ್ನು ಯಾರೂ ನೋಡದಂತೆ ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು.

ಅಜ್ಜಿ ಎಂದರೆ ನನ್ನ ಅಪ್ಪನ ತಾಯಿ, ಕೊಟ್ರಮ್ಮ. ಸಣ್ಣ ಆಳಲ್ಲ. ಅವಳು ಬಂದು ಕೂತರೆ ನಾಲ್ಕೂ ಕೊಂಡಿಗಳು ಒಂದು ಸಲ 'ಕಿರ್' ಎನ್ನುತ್ತಿದ್ದವು, ಅಡಿಗೆ ಮನೆಯಲ್ಲಿದ್ದ ಅಮ್ಮ ಆ ಸದ್ದು ಕೇಳಿಯೇ ಚಹಾಕ್ಕೆ ಇಡುತ್ತಿದ್ದಳು. ಅಜ್ಜ ತೀರಿಹೋದ ಮೇಲೆ ವ್ಯಾಪಾರ ಅಪ್ಪನದಾಗಿತ್ತು, ಆದರೆ ಮನೆ ಅಜ್ಜಿಯದೇ. ಯಾವ ಚೀಲ ಯಾವ ಗೋಡೆಗೆ, ಯಾವ ಹಬ್ಬಕ್ಕೆ ಯಾರನ್ನು ಕರೆಯಬೇಕು, ಯಾರಿಗೆ ಎಲ್ಲಿಂದ ಹೆಣ್ಣು ತರಬೇಕು ಎಲ್ಲವೂ ಆ ಹಲಗೆಯ ಮೇಲಿಂದಲೇ ತೀರ್ಮಾನವಾಗುತ್ತಿತ್ತು. ತನ್ನ ಭಾರದ ಬಗ್ಗೆ ಅವಳಿಗೆ ನಾಚಿಕೆ ಇರಲಿಲ್ಲ, ಹೆಮ್ಮೆ ಇತ್ತು. "ನಾ ಕುಂತ್ರ ಮಣಿ ಗಂಭೀರ ಆಗಿ ತೂಗತೈತಿ. ನೀವು ಕುಂತ್ರ ಚೇಷ್ಟಿ ಮಾಡತೈತಿ" ಎಂದು ನಮಗೆ ಹೇಳುತ್ತಿದ್ದಳು. ನಾವು ಮಕ್ಕಳು ಅದನ್ನು ನಂಬಿದ್ದೆವು.

ಮಕ್ಕಳಿಗೆ ತೂಗುಮಣೆ ಸಿಗುತ್ತಿದ್ದುದು ಅವಳು ಸ್ನಾನಕ್ಕೆ ಎದ್ದಾಗ ಮಾತ್ರ. ಆಗ ನಾನು, ನನ್ನ ತಮ್ಮ, ಪಕ್ಕದ ಮನೆಯ ಹುಡುಗಿಯರು ಎಲ್ಲ ಒಂದೇ ಸಲ ಮುಗಿಬಿದ್ದು ಕಿತ್ತಾಡುತ್ತಿದ್ದೆವು. ಅದಕ್ಕೆ ಅಜ್ಜಿ ಒಂದು ಕಟ್ಟಳೆ ಮಾಡಿದ್ದಳು: ಒಬ್ಬೊಬ್ಬರಿಗೆ ಇಪ್ಪತ್ತು ತೂಗು. ಹೋದದ್ದು ಒಂದು, ಬಂದದ್ದು ಎರಡು, ಮತ್ತೆ ಹೋದದ್ದು ಮೂರು. ಬಚ್ಚಲಿನಿಂದಲೇ ಕೊಂಡಿಯ ಸದ್ದು ಕೇಳಿ ಅವಳು ಎಣಿಸುತ್ತಿದ್ದಳು. "ಇಪ್ಪತ್ತಾತು, ಇಳೀಲೇ!" ಎಂದು ಅಲ್ಲಿಂದಲೇ ಕೂಗು ಬರುತ್ತಿತ್ತು. ಅಪ್ಪ, ಅಪ್ಪನ ತಂಗಿಯರು, ನಾವು ಎಲ್ಲರೂ ಎಣಿಕೆ ಕಲಿತದ್ದೇ ಹಾಗೆ. ಲೋಕದಲ್ಲಿ ಬೇರೆ ರೀತಿ ಎಣಿಸುವವರೂ ಇದ್ದಾರೆಂದು ನಮ್ಮ ಮನೆಗೆ ಗೊತ್ತೇ ಇರಲಿಲ್ಲ.

ಅದರಿಂದ ಕೆಡುಕಾದದ್ದು ಪೂರ್ಣತ್ತೆಗೆ. ಅನ್ನಪೂರ್ಣ, ಅಪ್ಪನ ಕೊನೆಯ ತಂಗಿ. ನನಗೆ ಆಗ ಒಂಬತ್ತು ವರ್ಷ, ಅವಳು ಊರಿನ ಕಾಲೇಜಿನಲ್ಲಿ ಎರಡನೆ ಪಿಯುಸಿ, ಸೈನ್ಸ್. ನಮ್ಮ ಮನೆಯಲ್ಲಿ ಸೈನ್ಸ್ ತೆಗೆದುಕೊಂಡ ಮೊದಲ ಹೆಣ್ಣು ಅವಳು. ತೆಳ್ಳಗೆ, ಕಪ್ಪಗೆ, ಎರಡು ಜಡೆ. ಮಾತು ಕಡಿಮೆ, ಆಡಿದರೆ ಚೂರಿ. ಬಿ.ಎಸ್ಸಿ. ಮಾಡಬೇಕು, ಆಮೇಲೂ ಓದಬೇಕು ಎನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆ ಇದ್ದದ್ದು ನನಗೆ ಕಂಡಿಲ್ಲ. ಫಿಸಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳ ಪಾಲಿಗೆ ಲೋಲಕ ಬಂತು. ದಾರದ ತುದಿಗೆ ಕಟ್ಟಿದ ಹಿತ್ತಾಳೆ ಗುಂಡು. ಅದನ್ನು ತೂಗಲು ಬಿಟ್ಟು, ಇಪ್ಪತ್ತು ಸಲಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿ, ಭೂಮಿಯ ಎಳೆತ ಎಷ್ಟೆಂದು ಲೆಕ್ಕ ಹಾಕಬೇಕು. ವರ್ಷವಿಡೀ ಗುಂಪಿನಲ್ಲಿ ಮಾಡುವಾಗ ಎಣಿಸುವವಳು ಗೆಳತಿ, ಬರೆದುಕೊಳ್ಳುವವಳು ಇವಳು. ಪರೀಕ್ಷೆಯ ದಿನ ಒಬ್ಬಳೇ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಯ ಎಣಿಕೆ: ಹೋದದ್ದು ಒಂದು, ಬಂದದ್ದು ಎರಡು.

ಗುಂಡು ಹೊರಟ ಕಡೆಗೆ ತಿರುಗಿ ಬಂದರೆ ಮಾತ್ರ ಒಂದು ಎಂದು ಪುಸ್ತಕ ಹೇಳುತ್ತದೆ. ಅವಳ ಎಣಿಕೆಯಲ್ಲಿ ಹೊತ್ತು ಅರ್ಧವಾಯಿತು, ಭೂಮಿಯ ಎಳೆತ ನಾಲ್ಕು ಪಟ್ಟಾಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆ ನೋಡಿ ಎಲ್ಲರೆದುರು, "ಏನಮ್ಮಾ, ನಿಮ್ಮ ಕೊಟ್ಟೂರಾಗ ಭೂಮಿ ನಾಲ್ಕು ಪಟ್ಟು ಜೋರಾಗಿ ಎಳೀತೈತೇನು? ಹಂಗಿದ್ರ ನೀ ಎದ್ದು ನಿಂತಿದ್ದ ದೊಡ್ಡದು" ಎಂದರಂತೆ. ಹುಡುಗರೆಲ್ಲ ನಕ್ಕರಂತೆ. ಆ ನಗು ಅವಳ ತಲೆಯಲ್ಲಿ ಕೂತುಬಿಟ್ಟಿತು. ಬರೆಯುವ ಪರೀಕ್ಷೆಯಲ್ಲೂ 'ಸರಳ ಸಂಗತ ಚಲನೆಯಲ್ಲಿರುವ ಕಣದ ಆವರ್ತಕಾಲ ಕಂಡುಹಿಡಿಯಿರಿ' ಎಂಬ ಪ್ರಶ್ನೆ ಕಂಡೊಡನೆ ಬರುತ್ತಿದ್ದುದೂ ಮರೆತುಹೋಯಿತು. ರಿಸಲ್ಟ್ ಬಂದಾಗ ಉಳಿದೆಲ್ಲದರಲ್ಲಿ ಪಾಸು, ಫಿಸಿಕ್ಸ್ ಒಂದರಲ್ಲಿ ಫೇಲು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೂಗುಮಣೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, "ಆತು ಬಿಡು, ಓದಿದ್ದು ಸಾಕು. ಹಡಗಲಿಯವರು ಎರಡು ಸಲ ಕೇಳಿ ಕಳಿಸ್ಯಾರ. ಬರೋ ಸೋಮವಾರ ಹೂ ಮುಡಿಸಾಕ ಬರ್ರಿ ಅಂತ ಹೇಳ್ತೀನಿ" ಎಂದಳು. ಹಡಗಲಿಯವರೆಂದರೆ ಅಜ್ಜಿಯ ತವರಿನ ಕಡೆಯ ನೆಂಟರು. ಹುಡುಗ ಒಳ್ಳೆಯವನೇ, ಗೊಬ್ಬರದ ಅಂಗಡಿ ಇತ್ತು. ಅಪ್ಪ ಚೀಲದ ಬಾಯಿ ಹೊಲಿಯುತ್ತಿದ್ದವನು ತಲೆ ಎತ್ತಲಿಲ್ಲ. ಪೂರ್ಣತ್ತೆ, "ಅಕ್ಟೋಬರ್‌ನಾಗ ಇನ್ನೊಮ್ಮಿ ಬರಿತೀನವ್ವಾ. ಒಂದ ವಿಷಯ" ಎಂದಳು. "ತೂಗೋದು ಎಣಿಸಾಕ ಬರದಾಕಿ ಇನ್ನೇನು ಬರೀತಿ?" ಎಂದಳು ಅಜ್ಜಿ.

ಆಗ ಪೂರ್ಣತ್ತೆಯ ಬಾಯಿ ಬಿಚ್ಚಿತು. "ನನಗ ಎಣಿಸಾಕ ಬರ್ತೈತಿ. ನಿನಗ ಬರಂಗಿಲ್ಲ. ನೀ ಕಲಿಸಿದ್ದ ತಪ್ಪು. ಹೋಗಿ ಬಂದ್ರ ಒಂದು, ಎರಡಲ್ಲ." ಅಮ್ಮ ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಅಜ್ಜಿ ಎಲೆ ಕೆಳಗಿಟ್ಟು, "ಕೊಟ್ಟೂರಿಂದ ಕೂಡ್ಲಿಗಿಗೆ ಹೋದ್ರ ಒಂದು ಟಿಕೇಟು, ತಿರುಗಿ ಬಂದ್ರ ಇನ್ನೊಂದು ಟಿಕೇಟು. ಯಾವ ಕಂಡಕ್ಟರ್ ಎರಡೂ ಕೂಡಿಸಿ ಒಂದು ಅಂತಾನ, ಹೇಳು ನೋಡೋಣು" ಎಂದಳು. ಅಪ್ಪ ನಗು ತಡೆಯಲಾಗದೆ ಚೀಲದ ಮರೆಗೆ ಬಾಗಿದ. ಪೂರ್ಣತ್ತೆ ನಗಲಿಲ್ಲ. "ನಿನಗ ಈ ತೂಗುಮಣಿ ಬಗ್ಗೆ ಏನೂ ಗೊತ್ತಿಲ್ಲವ್ವಾ. ನೀ ಕುಂತ್ರ ಗಂಭೀರ ತೂಗತೈತಿ ಅಂತಿಯಲ್ಲ, ಅದೂ ಸುಳ್ಳು. ನೀ ಕುಂತ್ರೂ ಅಷ್ಟ ಹೊತ್ತು, ಬೆಕ್ಕು ಕುಂತ್ರೂ ಅಷ್ಟ ಹೊತ್ತು" ಎಂದಳು.

ಎಣಿಕೆಯ ಮಾತಿಗಿಂತ ಈ ಮಾತು ಅಜ್ಜಿಗೆ ನಾಟಿತು. ಮುಖ ಕೆಂಪಾಯಿತು. ಆ ಮನೆಯಲ್ಲಿ ತಾನು ಕೂತರೂ ಬೆಕ್ಕು ಕೂತರೂ ಒಂದೇ ಎಂದು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಹೇಳಿದರೆ ಯಾರಿಗೆ ತಾನೆ ಸುಮ್ಮನಿರಲು ಆಗುತ್ತದೆ? "ಆತು. ನಾಳಿಗೆ ನಿಮ್ಮಣ್ಣ ಗಡಿಯಾರ ಹಿಡೀಲಿ. ನಾ ಕುಂತಾಗ, ಈ ಹುಡುಗಿ ಕುಂತಾಗ ಒಂದ ಹೊತ್ತು ಆತಂದ್ರ ಹಡಗಲಿಗೆ ನಾನಾ ಹೋಗಿ ಬ್ಯಾಡ ಅಂತ ಹೇಳಿ ಬರ್ತೀನಿ, ನೀ ಎಷ್ಟು ಬೇಕಾದ್ರೂ ಓದು. ಇಲ್ಲಾಂದ್ರ ಸೋಮವಾರ ಬಾಯಿ ಮುಚ್ಚಿಕೊಂಡು ಹೂ ಮುಡಿಸಿಕೊಂತಿ" ಎಂದಳು. ಪೂರ್ಣತ್ತೆ, "ಆಗ್ಲಿ" ಎಂದಳು. ನಾನೇ ಆ ಹುಡುಗಿ. ನನ್ನನ್ನು ಕೂರಿಸುತ್ತಾರೆಂದು ತಿಳಿದು ನನಗೆ ರೆಕ್ಕೆ ಬಂದಂತಾಗಿತ್ತು.

ಬಾಯಲ್ಲಿ ಹೇಳಿದಷ್ಟು ಧೈರ್ಯ ಪೂರ್ಣತ್ತೆಗೆ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಆ ಸಂಜೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪುಸ್ತಕ ಬಿಚ್ಚಿ ಕೂತಿದ್ದಳು. ಪುಸ್ತಕದಲ್ಲಿ ಇದ್ದದ್ದು ಕಣ: ಗಾತ್ರವೇ ಇಲ್ಲದ ಒಂದು ಚುಕ್ಕೆ. ಅದು ನಡುವಿನಿಂದ ಎಷ್ಟು ದೂರ ಸರಿಯುತ್ತದೋ ಅಷ್ಟು ಜೋರಾಗಿ ಅದನ್ನು ನಡುವಿಗೆ ಎಳೆಯುವ ಬಲ ಇರುತ್ತದೆ. ಎಷ್ಟು ದೂರದಲ್ಲಿದೆ, ಅಲ್ಲಿ ಎಷ್ಟು ರಭಸ ಹೆಚ್ಚುತ್ತಿದೆ ಎಂಬ ಎರಡು ತಿಳಿದರೆ ಒಂದು ಸಲ ಹೋಗಿಬರಲು ಎಷ್ಟು ಹೊತ್ತು ಬೇಕೆಂದು ಸಿಕ್ಕಿಬಿಡುತ್ತದೆ, ಅದೇ ಆವರ್ತಕಾಲ. ತೂಗುವ ಗುಂಡಾದರೆ ದಾರದ ಉದ್ದ ಗೊತ್ತಿದ್ದರೆ ಸಾಕು. ತೂಕವನ್ನು ಲೆಕ್ಕ ಕೇಳುವುದೇ ಇಲ್ಲ. ನಾನು ಏನೂ ತಿಳಿಯದೆ ಬಾಯಿ ಬಿಟ್ಟು ಕೂತದ್ದು ನೋಡಿ ಅವಳು, "ಮನಿಯಿಂದ ದೂರ ಹೋದಷ್ಟೂ ಮನಿ ಕಡೆ ಎಳೀತೈತಲ್ಲ ಶೈಲೂ, ಹಂಗ" ಎಂದಳು. ನಾನು ಆವರೆಗೆ ಮನೆ ಬಿಟ್ಟು ಎಲ್ಲೂ ಹೋದವಳಲ್ಲ. ಸುಮ್ಮನೆ ಹ್ಞೂಂ ಎಂದೆ.

ಅವಳ ಭಯ ಇಷ್ಟೇ: ಅಜ್ಜಿ ಕಣವಲ್ಲ. ತೂಗುಮಣೆ ದಾರಕ್ಕೆ ಕಟ್ಟಿದ ಗುಂಡಲ್ಲ. ಕತ್ತಲಾಗುವ ಮೊದಲೇ ಎರಡು ಓಣಿ ಆಚೆಗಿನ ತನ್ನ ಫಿಸಿಕ್ಸ್ ಮೇಷ್ಟ್ರ ಮನೆಗೆ ನನ್ನನ್ನು ಜೊತೆ ಮಾಡಿಕೊಂಡು ಹೋದಳು. ಅವರು ಬನಿಯನ್ನಿನಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಇವಳು ಹೇಳಿದ್ದನ್ನೆಲ್ಲ ಕೇಳಿ, "ನಾಲ್ಕು ಸರಪಳಿ ನಾಲ್ಕು ಕಡಿ ಅದಾವಲ್ಲ? ಹಲಗಿ ಓರಿ ಆಗದಂಗ ಹೋಗಿ ಬರ್ತೈತಿ. ಅಂದ್ರ ಮ್ಯಾಲ ಕುಂತಾರು ಎಷ್ಟು ದಪ್ಪ, ಎಷ್ಟು ಎತ್ತರ ಆದ್ರೂ ಸರಪಳಿ ಉದ್ದ ಒಂದ ಲೆಕ್ಕ. ದೊಡ್ಡದಾಗಿ ತೂಗಬ್ಯಾಡ, ಕಾಲು ನೆಲಕ್ಕ ತಾಗಿಸಬಾರದು, ಅಷ್ಟ" ಎಂದರು. ಆಮೇಲೆ ಒಂದು ಮೆಣಸಿನಕಾಯಿ ನನ್ನ ಕೈಗೂ ಕೊಟ್ಟು, ಪೂರ್ಣತ್ತೆಗೆ, "ನಿಮ್ಮವ್ವ ಗೆದ್ರ ನಂಗೂ ಹೇಳು, ಪುಸ್ತಕ ತಿದ್ದಿಸೋಣು" ಎಂದು ನಕ್ಕರು. ಪೂರ್ಣತ್ತೆ ಮನೆಗೆ ಬಂದು, ಅಜ್ಜಿ ಪೂಜೆಗೆ ಕೂತಾಗ ಸರಪಳಿಯ ಉದ್ದ ಅಳೆದಳು. ಏಳೂಕಾಲು ಅಡಿಗೆ ಒಂದು ಬೆರಳು ಹೆಚ್ಚು. ಲೆಕ್ಕ ಹಾಕಿದಳು: ಒಂದು ಸಲ ಹೋಗಿಬರಲು ಮೂರು ಸೆಕೆಂಡು, ಇಪ್ಪತ್ತು ಸಲಕ್ಕೆ ಒಂದು ನಿಮಿಷ. ಅಷ್ಟು ದುಂಡಗೆ ಉತ್ತರ ಬಂದದ್ದಕ್ಕೆ ಅವಳಿಗೇ ನಂಬಿಕೆ ಆಗಲಿಲ್ಲ, ಮತ್ತೆ ಮತ್ತೆ ಹಾಕಿ ನೋಡಿದಳು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ಮುಂಬಾಗಿಲು ಮುಚ್ಚಿದರು. ಮನೆಯ ಮಾತು ಬೀದಿಗೆ ಹೋಗಬಾರದು ಎಂದು ಅಜ್ಜಿ ಹೇಳಿದ್ದಳು. ಮೊದಲು ನಾನು ಕೂತೆ. ಪೂರ್ಣತ್ತೆ ಹಲಗೆಯನ್ನು ಒಂದು ಮೊಳದಷ್ಟು ಹಿಂದಕ್ಕೆ ಎಳೆದು, ದೂಡದೆ, ಹಾಗೆಯೇ ಬಿಟ್ಟಳು. ಹೋಗಿ ಬಂದಾಗ ಒಂದು, ಹೋಗಿ ಬಂದಾಗ ಎರಡು. ಅಪ್ಪ ಕೈಗಡಿಯಾರ ಬಿಚ್ಚಿ ಬೆಳಕಿಗೆ ಹಿಡಿದಿದ್ದ. ಇಪ್ಪತ್ತಾಯಿತು. "ಒಂದು ನಿಮಿಷ" ಎಂದ. ಆಮೇಲೆ ನನ್ನ ಜಾಗದಲ್ಲಿ ಅಪ್ಪ ಒಂದು ಶೇಂಗಾ ಚೀಲ ತಂದಿಟ್ಟ. "ಒಂದು ನಿಮಿಷ." ಅಜ್ಜಿ ಮೂಗು ಮುರಿದು, "ಚೀಲಕ್ಕೇನು ಗೊತ್ತಾಕ್ಕತಿ, ಸರೀರಿ" ಎಂದು ಸೆರಗು ಸಿಕ್ಕಿಸಿಕೊಂಡು ಬಂದಳು. ಕೂತಳು. ಕೊಂಡಿಗಳು 'ಕಿರ್' ಎಂದವು.

ಮೊದಲ ಸಲ ಬಿಟ್ಟಾಗ ಅವಳ ಕಾಲು ತನ್ನಷ್ಟಕ್ಕೆ ನೆಲ ಒದೆಯಿತು. ಜೀವಮಾನದ ಅಭ್ಯಾಸ, ಏನು ಮಾಡಬೇಕು? "ಕಾಲು ಎತ್ತವ್ವಾ" ಎಂದಳು ಪೂರ್ಣತ್ತೆ. ಎರಡನೆ ಸಲವೂ ಹೆಬ್ಬೆರಳು ನೆಲ ಸವರಿತು. ಇದು ಅಭ್ಯಾಸವಲ್ಲ, ಹಟ ಎಂದು ನನಗೇ ಗೊತ್ತಾಯಿತು. ಕೊನೆಗೆ ಅಮ್ಮ ಬಂದು ಅಜ್ಜಿಯ ಎರಡೂ ಕಾಲು ಹಿಡಿದು ಹಲಗೆಯ ಮೇಲೆ ಮಡಿಸಿ ಕೂರಿಸಿದಳು. ಅಮ್ಮ ಅಜ್ಜಿಯೆದುರು ಅಷ್ಟು ಸಲಿಗೆ ತೆಗೆದುಕೊಂಡದ್ದು ಅದೊಂದೇ ಸಲ. ಪೂರ್ಣತ್ತೆ ಹಲಗೆ ಎಳೆದು ಬಿಟ್ಟಳು. ಅವಳು ತನ್ನ ಎಣಿಕೆ ಎಣಿಸುತ್ತಿದ್ದರೆ ಅಜ್ಜಿ ಮೇಲೆ ಕೂತು ಗಟ್ಟಿಯಾಗಿ ತನ್ನ ಎಣಿಕೆ ಎಣಿಸುತ್ತಿದ್ದಳು. ಇವಳು ಹತ್ತು ಎನ್ನುವಾಗ ಅವಳು ಇಪ್ಪತ್ತು. ಪೂರ್ಣತ್ತೆಯ ಕೈ ಜಡೆಯ ತುದಿಯನ್ನು ತಿರುವುತ್ತಿತ್ತು. "ಇಪ್ಪತ್ತು" ಎಂದು ಅವಳೂ, "ನಲವತ್ತು!" ಎಂದು ಅಜ್ಜಿಯೂ ಒಟ್ಟಿಗೆ ಕೂಗಿದರು. ಅಪ್ಪ ಗಡಿಯಾರ ನೋಡಿದ, ಅವ್ವನ ಮುಖ ನೋಡಿದ. "ಒಂದು ನಿಮಿಷ ಆತವ್ವಾ" ಎಂದ.

"ಗಡಿಯಾರ ಕೆಟ್ಟೈತಿ" ಎಂದಳು ಅಜ್ಜಿ. ಗೋಡೆಯ ಗಡಿಯಾರ ನೋಡಿ ಮತ್ತೊಮ್ಮೆ ಮಾಡಿದರು. ಅಷ್ಟೇ. ಚೀಲವನ್ನೂ ತನ್ನ ಪಕ್ಕ ಇಡಿಸಿಕೊಂಡಳು. ಅಷ್ಟೇ. "ಹಂಗಾರ ದೂರ ಎಳೆದು ಬಿಡು. ದೂರ ಹೋದ್ರ ಹೊತ್ತು ಹಿಡಿಯಾಕಬೇಕು" ಎಂದಳು. ಪೂರ್ಣತ್ತೆ ಎರಡು ಮೊಳ ಎಳೆದು ಬಿಟ್ಟಳು. ಅದೂ ಅಷ್ಟೇ. "ದೂರ ಹೋದ್ರ ಜೋರಾಗಿ ತಿರುಗಿ ಬರ್ತೈತವ್ವಾ" ಎಂದಳು. ಈಗ ಅವಳ ದನಿಯಲ್ಲಿ ಚೂರಿ ಇರಲಿಲ್ಲ. ಅಜ್ಜಿ ಕಾಲು ಕೆಳಗಿಟ್ಟು ಮಣೆ ನಿಲ್ಲಿಸಿದಳು. ಸ್ವಲ್ಪ ಹೊತ್ತು ಸರಪಳಿಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಂದ್ರ ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ ಅನ್ನು" ಎಂದಳು. ಅಪ್ಪ ಬಿದ್ದು ಬಿದ್ದು ನಕ್ಕ. ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ, ಯಾಕೆಂದು ಗೊತ್ತಿಲ್ಲದಿದ್ದರೂ. ಪೂರ್ಣತ್ತೆ ಗೆದ್ದ ಖುಷಿಯಲ್ಲಿ ಅವ್ವನ ಕುತ್ತಿಗೆಗೆ ಜೋತುಬಿದ್ದಿದ್ದಳು, ಆ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆಡಿದ ಮಾತಿಗೆ ಅಜ್ಜಿ ತಪ್ಪಲಿಲ್ಲ. ಅಪ್ಪ, "ಫೋನ್ ಮಾಡಿದ್ರ ಆತು" ಎಂದದ್ದಕ್ಕೆ, "ಹೆಣ್ಣು ಕೊಡಂಗಿಲ್ಲ ಅನ್ನೋದು ಫೋನಿನ್ಯಾಗ ಹೇಳೋ ಮಾತೇನು?" ಎಂದು ಗದರಿಸಿ, ಬೆಳಗಿನ ಬಸ್ಸಿಗೆ ತಾನೇ ಹಡಗಲಿಗೆ ಹೋದಳು. ಸಂಜೆ ಬಿಸಿಲು ಇರುವಾಗಲೇ ತಿರುಗಿ ಬಂದಳು. ಅಲ್ಲಿ ಏನೇನು ಅನ್ನಿಸಿಕೊಂಡಳೋ ಯಾರಿಗೂ ಹೇಳಲಿಲ್ಲ. ಕೈಯಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ಇತ್ತು. ಅದನ್ನು ಪೂರ್ಣತ್ತೆಯ ಜಡೆಗೆ ಸಿಕ್ಕಿಸುತ್ತ, "ಹೂ ಮುಡಿಸೇ ಮುಡಿಸ್ತೀನಿ ಅಂದಿದ್ನಲ್ಲ, ಮುಡಿಸಿದೆ. ಇನ್ನ ಓದು ಹೋಗು" ಎಂದಳು. ಆಮೇಲೆ ಬಂದು ಕೂತು, ನೆಲಕ್ಕೆ ಕಾಲು ಒದೆದು, "ಶೈಲೂ, ನೀರು ತಾರಲೇ" ಎಂದು ಕೂಗಿದಳು.

ಅಕ್ಟೋಬರಿನಲ್ಲಿ ಪೂರ್ಣತ್ತೆ ಪಾಸಾದಳು. ಅದೇ ಪ್ರಶ್ನೆ ಬಂದಿತ್ತಂತೆ. ಕಣ ನಡುವಿನಿಂದ ಇಷ್ಟು ದೂರ ಇರುವಾಗ ವೇಗೋತ್ಕರ್ಷ ಇಷ್ಟು, ಆವರ್ತಕಾಲ ಎಷ್ಟು ಎಂದು. ಬರೆಯುವಾಗ ಕಣದ ಜಾಗದಲ್ಲಿ ಕಾಲು ಮಡಿಸಿ ಕೂತ ಅವ್ವನೇ ಕಾಣುತ್ತಿದ್ದಳು ಎಂದು ನಕ್ಕು ಹೇಳಿದಳು. ಮುಂದಿನ ವರ್ಷ ಬಿ.ಎಸ್ಸಿ. ಸೇರಿದಳು. ಮನೆಯಲ್ಲಿ ಬದಲಾದದ್ದು ಇನ್ನೂ ಒಂದಿತ್ತು. ಒಂದು ದಿನ ಅಜ್ಜಿ ಸ್ನಾನಕ್ಕೆ ಹೋದಾಗ ನಾನು ತೂಗುಮಣೆ ಹತ್ತಿದೆ. ಬಚ್ಚಲಿನಿಂದ ಎಣಿಕೆ ಕೇಳುತ್ತಿತ್ತು. ಇನ್ನು ಇಳಿ ಎನ್ನುತ್ತಾಳೆ ಎಂದುಕೊಂಡರೆ ಅನ್ನಲಿಲ್ಲ. ತೂಗಿದೆ, ತೂಗಿದೆ, ಬೇಸರವಾಗುವಷ್ಟು ತೂಗಿದೆ. ಆಮೇಲೆ ತಿಳಿಯಿತು, ಅವಳು ಹೋಗಿ ಬಂದದ್ದನ್ನು ಒಂದು ಎಂದು ಎಣಿಸುತ್ತಿದ್ದಳು. ಯಾರಿಗೂ ಹೇಳದೆ, ಸೋತೆ ಎನ್ನದೆ, ಕಟ್ಟಳೆಯನ್ನು ತಾನೇ ತಿದ್ದಿಕೊಂಡಿದ್ದಳು. ನಮಗೆಲ್ಲ ಪಾಳಿ ಒಂದಕ್ಕೆ ಎರಡಾಯಿತು. ಹಟಮಾರಿ ಮುದುಕಿ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು, ಆದರೆ ಅವಳಂಥವಳನ್ನು ನಾನು ಮತ್ತೆ ನೋಡಲಿಲ್ಲ.

ಪೂರ್ಣತ್ತೆ ಬಿ.ಎಸ್ಸಿ. ಎರಡನೆ ವರ್ಷದಲ್ಲಿದ್ದಾಗ ಅಜ್ಜಿ ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಆನಿಸಿ ಕೂರಿಸಲು ಗಟ್ಟಿಯಾದದ್ದು ಬೇಕೆಂದು ಹಿರಿಯರು ತೂಗುಮಣೆಯ ಹಲಗೆಯನ್ನು ಸರಪಳಿಯಿಂದ ಬಿಚ್ಚಿ ಗೋಡೆಗೆ ನಿಲ್ಲಿಸಿದರು. ಅಜ್ಜಿ ಅದಕ್ಕೆ ಬೆನ್ನು ಕೊಟ್ಟು, ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು, ಯಾರೋ ಬರುವುದನ್ನು ಕಾಯುತ್ತಿರುವಂತೆ ಕೂತಿದ್ದಳು. ನಾಲ್ಕು ಸರಪಳಿಗಳು ಬರಿದಾಗಿ ಜೋತಾಡುತ್ತಿದ್ದವು. ಬಂದವರ ತಲೆಗೆ ತಾಗುತ್ತವೆಂದು ಅಪ್ಪ ಅವನ್ನು ಎತ್ತಿ ಒಂದಕ್ಕೊಂದು ಕಟ್ಟಿದ. ಪೂರ್ಣತ್ತೆಯನ್ನು ಕಾಲೇಜಿನಿಂದ ಕರೆತಂದರು. ಅವಳು ಅಳಲಿಲ್ಲ. ಭಜನೆಯವರಿಗೆ ನೀರು ಕೊಟ್ಟಳು, ನೆಂಟರಿಗೆ ಚಾಪೆ ಹಾಸಿದಳು, ಹಡಗಲಿಯಿಂದ ಬಂದವರ ಕಾಲಿಗೆ ಬಿದ್ದಳು. ಅವರಲ್ಲಿ ಒಬ್ಬ ಹೆಂಗಸು, "ಅವ್ವ ಸತ್ರೂ ಕಣ್ಣಾಗ ನೀರಿಲ್ಲ ನೋಡು" ಎಂದದ್ದು ನನಗೆ ಕೇಳಿ, ಅವಳನ್ನು ಕಚ್ಚಿಬಿಡುವಷ್ಟು ಸಿಟ್ಟು ಬಂದಿತ್ತು.

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಮೇಲೆ ನೆಂಟರು ಒಬ್ಬೊಬ್ಬರಾಗಿ ಬಸ್ಸಿಗೆ ಹೋದರು. ಮನೆ ತೊಳೆದದ್ದಾಯಿತು. ಹಲಗೆಯನ್ನೂ ತೊಳೆದು ಬಿಸಿಲಿಗೆ ಒಣಗಿಸಿ, ಅಪ್ಪ ಒಬ್ಬನೇ ಕಷ್ಟಪಟ್ಟು ಅದನ್ನು ಮತ್ತೆ ಸರಪಳಿಗೆ ಸಿಕ್ಕಿಸಿದ. ಅಂದು ಸೋಮವಾರ. ಪೂರ್ಣತ್ತೆ ಬಟ್ಟೆಯನ್ನು ಶೇಂಗಾ ಎಣ್ಣೆಯಲ್ಲಿ ಅದ್ದಿ ತಂದು ನಾಲ್ಕೂ ಸರಪಳಿಗಳನ್ನು ಒರೆಸಿದಳು, ಅಜ್ಜಿ ಒರೆಸುತ್ತಿದ್ದ ಹಾಗೆಯೇ ಮೇಲಿನಿಂದ ಕೆಳಗೆ. ಮನೆಯಲ್ಲಿ ಮತ್ತೆ ಆ ವಾಸನೆ ತುಂಬಿತು. ಯಾರೂ ಕೂರಲಿಲ್ಲ. ಅವಳು ಕೈ ಒರೆಸಿಕೊಂಡು, "ಅಣ್ಣಾ, ಗಡಿಯಾರ ನೋಡು" ಎಂದಳು. ಅಪ್ಪನಿಗೆ ತಿಳಿಯಿತು. "ಯಾಕವಾ ಈಗ?" ಎಂದ. "ನೋಡು ಅಂದೆ" ಎಂದಳು.

ಖಾಲಿ ಹಲಗೆಯನ್ನು ಒಂದು ಮೊಳ ಎಳೆದು ಬಿಟ್ಟಳು. ಕೊಂಡಿಗಳು 'ಕಿರ್' ಎನ್ನಲಿಲ್ಲ, ಎಣ್ಣೆ ಕುಡಿದ ಸರಪಳಿ ಸದ್ದಿಲ್ಲದೆ ಹೋಯಿತು, ಸದ್ದಿಲ್ಲದೆ ಬಂತು. ಅವಳು ಬಾಯಿಯಲ್ಲಿ ಎಣಿಸಲಿಲ್ಲ, ಬೆರಳು ಮಡಿಸುತ್ತಿದ್ದಳು. ಅಮ್ಮ ಅಡಿಗೆ ಮನೆಯ ಬಾಗಿಲಲ್ಲಿ ಅಂದು ನಿಂತ ಜಾಗದಲ್ಲೇ ನಿಂತಿದ್ದಳು. ಇಪ್ಪತ್ತಾದಾಗ ಪೂರ್ಣತ್ತೆ ಕೈ ಎತ್ತಿದಳು. ಅಪ್ಪ ಗಡಿಯಾರದಿಂದ ಕಣ್ಣು ಎತ್ತಲೇ ಇಲ್ಲ.

"ಎಷ್ಟಾತಣ್ಣಾ?"

"ಒಂದು ನಿಮಿಷ."

"ಒಂಚೂರೂ ಹೆಚ್ಚುಕಮ್ಮಿ ಇಲ್ಲೇನು?"

"ಇಲ್ಲವಾ."

ಪೂರ್ಣತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತಳು. ಎಣ್ಣೆ ವಾಸನೆಯ ಕೈಯಲ್ಲೇ ಮುಖ ಮುಚ್ಚಿಕೊಂಡು, ಮೂರು ದಿನದಿಂದ ಕಟ್ಟಿಕೊಂಡಿದ್ದುದನ್ನೆಲ್ಲ ಬಿಟ್ಟು ಜೋರಾಗಿ ಅತ್ತಳು. "ಅವತ್ತು ನೀನಾ ಗೆಲ್ಲಬೇಕಾಗಿತ್ತವ್ವಾ, ನೀನಾ ಗೆಲ್ಲಬೇಕಾಗಿತ್ತು" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಅಮ್ಮ ಓಡಿಬಂದು ಅವಳನ್ನು ಎದೆಗೆ ಒತ್ತಿಕೊಂಡಳು. ನಾನು ಅಪ್ಪನ ಪಕ್ಕದಲ್ಲಿ ನಿಂತಿದ್ದೆ. ಹಲಗೆ ಇನ್ನೂ ತೂಗುತ್ತಿತ್ತು, ಮೊದಲಿಗಿಂತ ಕಡಿಮೆ ದೂರ, ಆದರೆ ಅಷ್ಟೇ ಹೊತ್ತಿಗೆ ಹೋಗುತ್ತಿತ್ತು, ಬರುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಲು ನಮಗೆ ಯಾರಿಗೂ ಕೈ ಬರಲಿಲ್ಲ.